ತಾಯಿ ಹರವಿಯ ಒಂದು ಗುಟುಕು

ಸಾರಾಯಿಯ ರುಚಿ ಹೇಳುವ ಮುದುಕಿಯನ್ನು ನೀವು ಕಂಡಿರಲಿಕ್ಕಿಲ್ಲ. ನಾನು ಹೇಳುತ್ತೇನೆ. ಕುಡಿದು ಅಲ್ಲ, ಕಿರುಬೆರಳ ತುದಿ ಅದ್ದಿ, ನಾಲಿಗೆಗೆ ತಾಗಿಸಿ, ಉಗಿದು. ಅಜ್ಜಂಪುರದ ನಮ್ಮ ಅತ್ತೆಮನೆಯಲ್ಲಿ ಬಟ್ಟಿ ಇತ್ತು. ಇಳಿಸುವುದು ಗಂಡಸರ ಕೆಲಸ, ರುಚಿ ನೋಡುವುದು ಹೆಂಗಸರದು. ಕುಡಿಯುವವರ ನಾಲಿಗೆಯನ್ನು ನಂಬಬಾರದೆಂದು ಅತ್ತೆಯೇ ಮಾಡಿದ ಕಟ್ಟಳೆ. ನಾನು ಬರೆದರೆ ಈಗಲೂ ಅರ್ಧ ಒತ್ತಕ್ಷರ ಬಿಟ್ಟುಹೋಗುತ್ತವೆ, ಆದರೆ ನಾಲಿಗೆ ಬೇಗ ಕಲಿಯಿತು. ಮೊದಲು ಬೆಲ್ಲ, ಆಮೇಲೆ ಜಾಲಿ ಚಕ್ಕೆಯ ಒಗರು, ಕೊನೆಗೆ ಗಂಟಲಲ್ಲಿ ಒಲೆಯ ಹೊಗೆ.

ಬಟ್ಟಿಮನೆಯ ಮೂಲೆಯಲ್ಲಿ ಒಂದು ಹಳೆಯ ಮಣ್ಣಿನ ಹರವಿ ಇತ್ತು. ತಾಯಿ ಹರವಿ ಎನ್ನುತ್ತಿದ್ದರು. ಹೊಸದಾಗಿ ಇಳಿಸಿದಾಗಲೆಲ್ಲ ಅದರಿಂದ ಒಂದು ಸೇರು ಹಳೆಯದನ್ನು ಬೆರೆಸುವುದು, ಹೊಸದರಲ್ಲಿ ಒಂದು ಸೇರು ಅದಕ್ಕೆ ವಾಪಸು ಸುರಿಯುವುದು. ಹಾಗಾಗಿ ಹರವಿ ಎಂದೂ ಬರಿದಾಗಲಿಲ್ಲ. ಮಾವ ತೀರಿಕೊಂಡ ಮೇಲೂ ಅವರ ಕೈರುಚಿ ಅದರಲ್ಲಿತ್ತು.

ಆಮೇಲೆ ಊರ ಬಟ್ಟಿ ಮುಚ್ಚಬೇಕೆಂದು ಸರ್ಕಾರದ ಹುಕುಂ ಬಂತು. ಬಟ್ಟಿಯ ತಾಮ್ರದ ಹಂಡೆ ಜಪ್ತಿಯಾಗಿ ಹೋಯಿತು. ದೂರದ ಕಾರ್ಖಾನೆಯ ಸಾರಾಯಿ ಪೀಪಾಯಿಗಳಲ್ಲಿ ರೈಲಿನಿಂದ ಇಳಿಯಿತು. ನಮ್ಮ ಯಜಮಾನರು ಅದನ್ನು ಮಾರುವ ಅಂಗಡಿಗೆ ಸೇರಿಕೊಂಡರು; ಹೊಟ್ಟೆ ಇದೆಯಲ್ಲ. ಅವರ ಅಣ್ಣ, ನಮ್ಮ ಭಾವ, “ಅಪ್ಪನ ಬಟ್ಟಿ ನುಂಗಿದ ರೈಲು ನೀರು ಮಾರ್ತೀಯೇನೋ?” ಎಂದು ದೇವನೂರಿನ ಹೆಂಡತಿಮನೆಗೆ ಹೋದವರು ತಿರುಗಿ ಬರಲಿಲ್ಲ.

ಅಂದಿನಿಂದ ಯಜಮಾನರು ಹಬ್ಬದ ದಿನ ಉಣ್ಣುವ ಮೊದಲು ಬೀದಿಯತ್ತ ನೋಡುತ್ತಿದ್ದರು. “ಏನ್ ನೋಡ್ತೀರಿ?” ಎಂದರೆ “ನಾಯಿ” ಎನ್ನುತ್ತಿದ್ದರು.

ಹರವಿಯನ್ನು ಉಗ್ರಾಣಕ್ಕೆ ತಂದಿಟ್ಟೆವು. ಯಾರೂ ಮುಟ್ಟದಿದ್ದರೂ ಅದು ಇಳಿಯುತ್ತಿತ್ತು. ಸಾರಾಯಿಗೆ ಆ ಗುಣವುಂಟು, ಬಾಯಿ ಕಟ್ಟಿದರೂ ಹಾರಿಹೋಗುತ್ತದೆ. ಇಳಿದಷ್ಟೂ ನಾನು ಅಂಗಡಿಯದನ್ನೇ ಸುರಿದೆ. ಬೇರೇನು ಸುರಿಯಲಿ, ಮಜ್ಜಿಗೆಯೇ?

ಹೋದ ಸುಗ್ಗಿಯಲ್ಲಿ ಭಾವ ಬಂದರು. ಕಡೂರಿನವರೆಗೆ ಗಾಡಿ, ಅಲ್ಲಿಂದ ರೈಲು. ಕಾಲು ಊದಿತ್ತು. ಜಗಲಿ ಹತ್ತಲಿಲ್ಲ.

“ಉಣ್ಣಾಕ್ ಬಂದಿಲ್ಲ ಕಣೋ. ಸಾಯೋಕ್ ಮುಂಚೆ ಹರವೀಲಿರೋ ಅಪ್ಪನ ಕೈಯಿಂದು ಒಂದ್ ಗುಟುಕು ಕೊಡು, ಹೊಂಟೋಯ್ತೀನಿ.”

ಯಜಮಾನರು ಒಳಗೆ ಬಂದರು. “ಅಂಗಡಿದು ಬೆರೆಸಿದ್ದು ಗೊತ್ತಾದ್ರೆ ಇನ್ನು ಈ ಕಡೆ ತಲೆ ಹಾಕಾಕಿಲ್ಲ ಕಣೇ.”

“ಕೇಳಿದ್ರೆ ಹೇಳ್ತೀನಿ, ಕೇಳ್ದಿದ್ರೆ ಇಲ್ಲ. ಬಟ್ಲು ಹಿಡೀರಿ” ಎಂದೆ.

ಭಾವ ಎತ್ತಿ ಕುಡಿಯಲಿಲ್ಲ. ಅವರ ತಾಯಿ ಮಾಡುತ್ತಿದ್ದಂತೆ ಕಿರುಬೆರಳು ಅದ್ದಿ ನಾಲಿಗೆಗೆ ತಾಗಿಸಿದರು. ನಾನು ಬಾಗಿಲ ಮರೆಗೆ ಸರಿದೆ.

“ಬೆಲ್ಲ ಐತೆ. ಒಗರೂ ಐತೆ. ಹೊಗೆ ಎಲ್ಲೋಯ್ತು?”

ನಾನು ಬಾಗಿಲ ಮರೆಯಿಂದಲೇ ಅಂದೆ: “ರೈಲಿಂದು ಸೇರೈತೆ ಭಾವ. ನಾನೇ ಸುರಿದಿದ್ದು. ಬಿಟ್ಟಿದ್ರೆ ನಿಮ್ಗೆ ಬರೀ ಹರವಿ ಸಿಗ್ತಿತ್ತು. ನೀವೂ ಅದೇ ರೈಲಲ್ಲಿ ತಾನೆ ಬಂದಿದ್ದು?”

ಭಾವ ತಮ್ಮ ಕಾಲನ್ನು ನೋಡಿಕೊಂಡರು.

“ಕಾಲು ಊದೈತೆ ಕಣವ್ವಾ, ಅದ್ಕೆ” ಎಂದರು. ಆಮೇಲೆ ಜಗಲಿ ಹತ್ತಿ ಕೂತು ಒಂದು ಗುಟುಕು ಇಳಿಸಿ, ಬಟ್ಟಲನ್ನು ತಮ್ಮನ ಕಡೆ ಚಾಚಿದರು. “ನೀನೂ ನೋಡ್ಲಾ. ಅಡೀಲೆಲ್ಲೋ ಅಪ್ಪ ಅವ್ನೆ.”

ಉಂಡೇ ಹೋದರು. ಹೊರಡುವಾಗ, “ಹರವೀನ ಒಲೆ ಪಕ್ಕ ಇಡವ್ವಾ, ವಸಿ ಹೊಗೆ ಹಿಡೀಲಿ. ಹಬ್ಬಕ್ಕೆ ಬತ್ತೀನಿ” ಎಂದರು.

ಕುಡಿದಷ್ಟನ್ನೂ ಅಂಗಡಿಯದರಿಂದ ತುಂಬಿಸಿ ಒಲೆಯ ಪಕ್ಕಕ್ಕೆ ಇಟ್ಟಿದ್ದೇನೆ. ಅದರಲ್ಲಿ ಮಾವನದು ಎಷ್ಟು, ರೈಲಿನದು ಎಷ್ಟು ಎಂದು ಕೇಳಿದರೆ ನನ್ನ ನಾಲಿಗೆಯೂ ಹೇಳಲಾರದು. ನಾನು ಚೌಳಹಿರಿಯೂರಿನಿಂದ ಈ ಮನೆಗೆ ಬಂದು ಸೇರಿದವಳು. ನನ್ನನ್ನೂ ಈಗ ಯಾರೂ ಬೇರೆ ಮಾಡಿ ತೆಗೆಯಲಾರರು. ಮುಚ್ಚಿದ ಹರವಿಯೊಳಕ್ಕೆ ಹೊಗೆ ಹೋಗುವುದಿಲ್ಲ ಎಂಬುದು ನನಗೂ ಗೊತ್ತು, ಭಾವನಿಗೂ ಗೊತ್ತು. ಯಜಮಾನರು ಮಾತ್ರ ದಿನಾ ಬಂದು ಕೇಳುತ್ತಾರೆ, ಹಿಡಿಯಿತೇ ಎಂದು. ಹಿಡಿಯುತ್ತಿದೆ ಎನ್ನುತ್ತೇನೆ.