ಆಚೆ ದಂಡೆಯಲ್ಲಿ ನಿಂತು ಕೂಗಿದವನು

ಆ ಮಧ್ಯಾಹ್ನ ಹೊಳೆಯ ಆಚೆ ದಂಡೆಯಿಂದ "ಅಪ್ಪಾ, ನಾವಿ ತಾ" ಎಂದು ಕೂಗಿದವನು ನಿನ್ನ ಅಣ್ಣ ಹಣಮಂತನಲ್ಲ, ಕಸ್ತೂರಕ್ಕ. ನಾನು.

ಇಷ್ಟು ಬರೆದು ಎದ್ದುಹೋಗಿ ಚಹಾ ಕುಡಿದು ಬಂದೆ. ಎದುರಿಗೇ ಹೇಳಬೇಕೆಂದು ಬಂದದ್ದೂ ಉಂಟು. ನಿನ್ನ ಮನೆಯ ಕಟ್ಟೆಯ ಮೇಲೆ ಕೂತು "ಅಕ್ಕಾ, ಒಂದ ಮಾತು—" ಎಂದು ಶುರು ಮಾಡಿದ್ದೆ. ಜೋಳ ಹಸನು ಮಾಡುತ್ತಿದ್ದ ನೀನು ಮೊರದಿಂದ ತಲೆಯೆತ್ತಿ, "ಇವತ್ತ ಯಾರ ದನಿಪಾ? ಮಾಡು, ನಗೂಣು" ಅಂದುಬಿಟ್ಟೆ. ನಾನು ನಿನ್ನ ಅತ್ತೆಯ ದನಿ ಮಾಡಿದೆ. ನೀನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಾನು ಚಪ್ಪಲಿ ಮೆಟ್ಟಿಕೊಂಡು ಬಸ್ಸು ಹಿಡಿದೆ. ಬಾಯಿಬಿಟ್ಟರೆ ನಗಿಸಿಬಿಡುತ್ತೇನೆ ಎಂಬ ಭಯಕ್ಕೇ ಈಗ ಬರೆಯುತ್ತಿದ್ದೇನೆ.

ಈ ಕಾಗದ ಓದುವ ಉಳಿದವರಿಗೂ ಗೊತ್ತಾಗಲಿ. ಚಿಕ್ಕಪಡಸಲಗಿಯ ಬ್ಯಾರೇಜಿನಿಂದ ಕೆಳಕ್ಕೆ, ಕೃಷ್ಣೆಯ ದಂಡೆಯಲ್ಲಿ ನಮ್ಮೂರು. ಆಗ ಅಲ್ಲಿ ಸೇತುವೆ ಇರಲಿಲ್ಲ, ಸಿದ್ದಪ್ಪಜ್ಜನ ನಾವೆ ಇತ್ತು. ಆಚೆಯಿಂದ ಬರುವವರು ದಂಡೆಯಲ್ಲಿ ನಿಂತು ಕೂಗಬೇಕು. ಅಜ್ಜ ಈಚೆಯಿಂದ ದನಿ ಕೇಳಿಯೇ ಬಂದವರು ಯಾರು ಎಂದು ಹೇಳಿ ಹುಟ್ಟು ಹಿಡಿಯಬೇಕು. ಕಣ್ಣಿಗೆ ಮನುಷ್ಯ ಒಂದು ಚುಕ್ಕಿಯಾಗಿದ್ದರೂ ಅಜ್ಜನ ಕಿವಿಗೆ ಪೂರ್ತಿ ಕಾಣುತ್ತಿದ್ದ. "ಅವ ಬಿಡು, ಉದ್ರಿ ಗಿರಾಕಿ, ನಿಂದರಲಿ ಸ್ವಲ್ಪ" ಎಂದು ಬೀಡಿ ಮುಗಿಸಿಯೇ ಏಳುವುದೂ ಇತ್ತು. ಆ ಕಿವಿಯ ಬಗ್ಗೆ ಊರಿನಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕೇಡಿಗೆ ಕಾರಣವಾದದ್ದೂ ಅದೇ.

ಕಸ್ತೂರಕ್ಕ ಅಜ್ಜನ ಮಗಳು. ನನಗೆ ಚಿತ್ರ ಕಲಿಸಿದವಳು. ಕಲಿಸಿದಳು ಎಂದರೆ ಅವಳೇ ನಕ್ಕಾಳು. ನೀರು ಇಳಿದ ಮೇಲೆ ಉಳಿಯುವ ಹಸಿ ರಾಡಿಯ ಮೇಲೆ ಬೆರಳಾಡಿಸಿ ಎಮ್ಮೆ, ಕೊಕ್ಕರೆ, ನಮ್ಮ ಹೆಡ್‌ಮಾಸ್ತರು ಎಲ್ಲರನ್ನೂ ಬರೆಯುತ್ತಿದ್ದಳು. ಸಂಜೆ ತೆರೆ ಬಂದು ಒರೆಸುತ್ತಿತ್ತು. ಇವತ್ತಿಗೂ ನಾನು ಕ್ಯಾನ್ವಾಸಿಗೆ ಮೊದಲು ಬಳಿಯುವುದು ಆ ರಾಡಿಯ ಬಣ್ಣವನ್ನೇ. ಜೂನಿನ ಮಿರಗದ ಮಳೆಗೆ ಮೇಲಿನಿಂದ ಬರುವ ಹೊಸ ನೀರಿನ ಕೆಂಪು, ಚಳಿಗಾಲದ ಹಸಿರು, ಬೇಸಿಗೆಯಲ್ಲಿ ಬಂಡೆಗಳ ನಡುವೆ ನಿಂತ ನೀರಿನ ಸೀಸದ ಬಣ್ಣ— ನನ್ನ ಬಳಿ ಇರುವುದು ಇಷ್ಟೇ. ಇದನ್ನೇ ತಿರುವಿ ತಿರುವಿ ಹಚ್ಚುತ್ತೇನೆ. ಜನ ಅದಕ್ಕೆ ಶೈಲಿ ಅನ್ನುತ್ತಾರೆ.

ಅಜ್ಜನ ಮಗ ಹಣಮಣ್ಣ ಊರು ಬಿಟ್ಟು ಹೊರಟ ದಿನ ಊರೆಲ್ಲ ದಂಡೆಯಲ್ಲಿತ್ತು. "ಇನ್ನ ಬ್ರಿಜ್ ಆಗತೈತಿ, ಈ ನಾವಿ ಯಾರಿಗೆ ಬೇಕು? ನಾ ಲಾರಿ ಕಲೀತೇನಿ" ಎಂದ ಅವನು. ಅಜ್ಜ ಅವನನ್ನು ತಾನೇ ದಾಟಿಸಿದ. ಆಚೆ ಇಳಿಸಿ, ಈಚೆಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಹೋಗು. ಇನ್ನ ನೀ ಇಲ್ಲಿ ನಿಂತು ಗಂಟಲಾ ಹರಕೊಂಡು ಒದರಿದರೂ ನಾವಿ ತರಾಂವಲ್ಲ."

ನಾನು ಶಾಲೆಯ ಹುಡುಗ, ಆಗಲೇ ಊರಿನ ಮಂಗ. ಪೂಜಾರಿಯ ಕೆಮ್ಮು, ಕಂಡಕ್ಟರನ ಸೀಟಿ, ನಮ್ಮಪ್ಪ ಜಮಖಂಡಿಯ ಸಾಹೇಬರ ಮುಂದೆ ಹಲ್ಲು ಕಿರಿಯುವ ಪರಿ— ಎಲ್ಲವೂ ನನಗೆ ಬರುತ್ತಿತ್ತು. ಸಿದ್ದಪ್ಪಜ್ಜನ ಕಿವಿಯೊಂದನ್ನು ಬಿಟ್ಟು ಎಲ್ಲರನ್ನೂ ಮೋಸಗೊಳಿಸಿದ್ದೆ. ಯಾರ ದನಿ ತೆಗೆದು ಕೂಗಿದರೂ ಈಚೆಯಿಂದ ಅಜ್ಜನದು ಅದೇ ಉತ್ತರ: "ಲೇ ಮಂಗ್ಯಾ, ನೀ ಅಂತ ಗೊತ್ತೈತಿ. ನಿಂದರು, ಬಂದೆ." ಸೋಲು ನನ್ನನ್ನು ಕೊರೆಯುತ್ತಿತ್ತು. ಎಂಥ ದೊಡ್ಡ ಕಲಾವಿದ, ನೋಡಿ, ಆ ವಯಸ್ಸಿಗೇ.

ಹಣಮಣ್ಣ ಹೋದ ಮೇಲಿನ ಬೇಸಿಗೆಯಲ್ಲಿ ಅವ್ವನ ತವರಿನಿಂದ ಮರಳುತ್ತಿದ್ದೆ. ಮಾವ ನನ್ನನ್ನು ಆಚೆ ದಂಡೆಯ ಹತ್ತಿರ ಇಳಿಸಿ ಮೋಟಾರು ತಿರುಗಿಸಿಕೊಂಡು ಹೋದ. ಬಿಸಿಲು. ಹೊಳೆಯ ಮೇಲೆ ಒಂದು ಹಕ್ಕಿಯೂ ಇಲ್ಲ. ನನ್ನ ದನಿಯಲ್ಲೇ ಕೂಗಬಹುದಿತ್ತು. ಬಾಯಿ ತೆರೆದೆ— ಹಣಮಣ್ಣನ ದನಿ ಬಂತು. ಅವನು ಕೊನೆಯ ಅಕ್ಷರವನ್ನು ಸ್ವಲ್ಪ ಜಗ್ಗುತ್ತಿದ್ದ, ಮೂಗಿನಲ್ಲಿ. ಹಾಗೇ ಬಂತು.

ಈ ಸಲ "ಲೇ ಮಂಗ್ಯಾ" ಬರಲಿಲ್ಲ. ಈಚೆ ಬೇವಿನ ಕೆಳಗೆ ಅಜ್ಜ ಎದ್ದು ನಿಂತದ್ದು ಕಾಣಿಸಿತು. ನೀನು ಹಿಂದೆ ನಿಂತಿದ್ದೆ, ಕೈಯಲ್ಲಿ ಬಿಸಿಲಿಗೆ ಹೊಳೆಯುವ ಏನೋ ಪಾತ್ರೆ. ನಾವೆ ನೀರಿಗೆ ಬಿತ್ತು. ಅಜ್ಜ ಅಷ್ಟು ಜೋರಾಗಿ ಹುಟ್ಟು ಹಾಕಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಗೆದ್ದೆ ಎಂದು ಕುಣಿಯಲು ಒಂದು ಕಾಲೆತ್ತಿದೆ. ನಾವೆ ನಡುಹೊಳೆಗೆ ಬರುವಷ್ಟರಲ್ಲಿ ಅಜ್ಜನ ಮುಖ ಕಂಡಿತು. ಅಜ್ಜನ ಮಬ್ಬುಗಣ್ಣಿಗೆ ನನ್ನ ಗುರುತು ಹತ್ತುವ ಮೊದಲೇ ಓಡಿಹೋಗಿ ಜಾಲಿಕಂಟಿಯಲ್ಲಿ ಅಡಗಿದೆ.

ಅಜ್ಜ ಇಳಿದ. "ಹಣಮಾ" ಎಂದ. ಮೆಲ್ಲಗೆ. ಸುತ್ತ ನೋಡಿದ. "ಬಾರೋ. ನಾ ಏನೂ ಅನ್ನೂದಿಲ್ಲ" ಎಂದ. ಅವನ ಬಲಗೈಗೆ ರೊಟ್ಟಿ ಪಲ್ಯ ಮೆತ್ತಿ ಒಣಗಿತ್ತು— ಉಣ್ಣುತ್ತಿದ್ದವನು ಕೈ ತೊಳೆಯದೆ ಎದ್ದು ಬಂದಿದ್ದ. ಮುಳ್ಳು ನನ್ನ ಬೆನ್ನಿಗೆ ಚುಚ್ಚುತ್ತಿತ್ತು. ಎದ್ದುಬಂದು "ನಾನ ಅಜ್ಜಾ" ಅಂದಿದ್ದರೆ ಕಪಾಳಕ್ಕೆ ಒಂದು ಬಿದ್ದು ಮುಗಿಯುತ್ತಿತ್ತು. ಒಂದು ಏಟಿಗೆ ಹೆದರಿ—

ನೆರಳು ಉದ್ದವಾಗುವವರೆಗೆ ಕಾದು ಅಜ್ಜ ಬರಿ ನಾವೆ ತಿರುಗಿಸಿದ. ನಾನು ಬ್ಯಾರೇಜಿನ ಮೇಲಿಂದ ಸುತ್ತುಹಾಕಿ ನಡೆದೇ ಮನೆ ಸೇರಿದೆ.

ಮರುದಿನ ನೀನು ರಾಡಿಯ ಮೇಲೆ ಏನೂ ಬರೆಯಲಿಲ್ಲ. "ಅಣ್ಣ ದಂಡಿತನಕ ಬಂದು, ಅಪ್ಪನ್ನ ನೋಡಿ, ಮಾರಿ ತಿರುವಿ ಹ್ವಾದ" ಎಂದೆ. ಅಜ್ಜ ಅವತ್ತಿನಿಂದ ಉಣ್ಣುವಾಗ ಆಚೆ ದಂಡೆಗೆ ಮುಖ ಮಾಡಿ ಕೂಡುತ್ತಿದ್ದ. ಅವನು ತೀರಿಹೋದಾಗ ನೀನು ಹಣಮಣ್ಣನಿಗೆ ಸುದ್ದಿ ಕಳಿಸಲಿಲ್ಲ, ಮಣ್ಣಿಗೂ ಕರೆಯಲಿಲ್ಲ. ತಿಂಗಳಾದ ಮೇಲೆ ಅವನೇ ಫೋನು ಮಾಡಿದ. ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ, ನಿನ್ನ ಪಾದದ ಚಿತ್ರ ಬರೆಯುತ್ತ. ಅವತ್ತು ದಂಡೆಯಿಂದ ಮಾರಿ ತಿರುವಿ ಹೋದವನು ಈಗ ಯಾಕೆ ಎಂದು ನೀನು ಅವನನ್ನು ಕೇಳಿದೆ. "ನಾ ಬಂದೇ ಇಲ್ಲವಾ ತಂಗಿ, ಆಣಿ ಮಾಡಿ ಹೇಳ್ತೇನಿ" ಎಂದು ಅವನು ಅಳುವುದು ನನಗೂ ಕೇಳುತ್ತಿತ್ತು. ನೀನು, "ಅಪ್ಪನ ಕಿವಿ ಸುಳ್ಳ ಹೇಳಿದ್ವೇನು?" ಎಂದು ಕೇಳಿ ಇಟ್ಟುಬಿಟ್ಟೆ. ನಾನು ಹೆಬ್ಬೆರಳಿನ ಉಗುರನ್ನು ತಿದ್ದುತ್ತ ಕೂತೆ. ಆ ಚಿತ್ರ ಚೆನ್ನಾಗಿ ಬಂತು ಎಂಬುದು ನನ್ನ ನಾಚಿಕೆಗಳಲ್ಲಿ ಇನ್ನೊಂದು.

ಆಮೇಲೆ ಸೇತುವೆಯಾಯಿತು. ಕೆಳಗಿನ ಅಣೆಕಟ್ಟಿನ ಹಿನ್ನೀರು ಏರಿ ರಾಡಿಯ ದಂಡೆ, ಬೇವು, ಜಾಲಿಕಂಟಿ ಎಲ್ಲ ಮುಳುಗಿದವು. ಹರಿಯುವ ಹೊಳೆ ಈಗ ನನ್ನ ಚಿತ್ರಗಳಲ್ಲಿ ಮಾತ್ರ ಇದೆ. ಕೆಲವೊಮ್ಮೆ ಸೇತುವೆಯ ನಡುವೆ ಗಾಡಿ ನಿಲ್ಲಿಸಿ ಆ ನಿಂತ ನೀರನ್ನು ನೋಡುತ್ತೇನೆ. ಎಲ್ಲಿ ಅಡಗಿದ್ದೆ ಎಂಬ ಜಾಗವೂ ಸಿಗುವುದಿಲ್ಲ. ಆ ಹುಡುಗನನ್ನು ಕೊರಳಪಟ್ಟಿ ಹಿಡಿದು ಎಬ್ಬಿಸಬೇಕು ಅನ್ನಿಸುತ್ತದೆ— ಎಲ್ಲಿಂದ ಎಬ್ಬಿಸಲಿ?

ಮುಧೋಳದಲ್ಲಿ ಪ್ರದರ್ಶನವಿಟ್ಟಾಗ ರಬಕವಿಯ ಸೀರೆ ವ್ಯಾಪಾರಿಯೊಬ್ಬರು ಎಲ್ಲ ಚಿತ್ರಗಳ ಮುಂದೆಯೂ ನಿಂತು, ಕೊನೆಗೆ ನನ್ನನ್ನು ಕರೆದರು.

"ತಮ್ಮಾ, ಹೊಳಿ ಛಲೋ ಬಂದೈತಿ. ಆದರ ಆ ಕಡೆ ದಂಡಿಗೆ ಒಬ್ಬರೂ ಇಲ್ಲಲ್ಲೋ. ಬಣ್ಣ ತೀರಿತ್ತೇನು?"

"ಅದು ಶೂನ್ಯರೀ. ನಮ್ಮೊಳಗಿನ ಅನಂತರೀ" ಎಂದೆ, ನನ್ನ ಕಲಾಶಾಲೆಯ ಗುರುಗಳ ದನಿಯಲ್ಲಿ, ಗಡ್ಡ ನೀವಿಕೊಂಡು. ಅವರು ತಲೆದೂಗಿ, "ಹಂಗಾರ ಸೀರಿ ಸೆರಗಿಗೂ ಹಿಂಗ ಖಾಲಿ ಬಿಟ್ಟು ಅನಂತ ಅಂತ ಮಾರತೇನಿ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಲ್ಲಿ ಒಬ್ಬನನ್ನು ನಿಲ್ಲಿಸಲು ಎಷ್ಟು ಸಲ ಕುಂಚ ಎತ್ತಿದ್ದೇನೆ ಎಂದು ಅವರಿಗೆ ಹೇಗೆ ಹೇಳಲಿ? ಹಣಮಣ್ಣನನ್ನು ನಿಲ್ಲಿಸಿದರೆ ಸುಳ್ಳು. ನನ್ನನ್ನು ನಿಲ್ಲಿಸಲು ಕೈ ಬರುವುದಿಲ್ಲ.

ಅಜ್ಜ ಅವತ್ತು ಮೋಸಹೋದದ್ದಕ್ಕೆ ಬಹಳ ವರ್ಷ ನನ್ನ ದನಿಯನ್ನೇ ಮೆಚ್ಚಿಕೊಂಡಿದ್ದೆ. ಈಗ ಅನ್ನಿಸುತ್ತದೆ, ಅವನು ಆ ದನಿಗಾಗಿ ಪ್ರತಿ ಮಧ್ಯಾಹ್ನ ಕಿವಿಕೊಟ್ಟು ಕೂತಿದ್ದ. ಕೆಟ್ಟದಾಗಿ ಕೂಗಿದ್ದರೂ ಬರುತ್ತಿದ್ದ.

ಹೋದ ತಿಂಗಳು ನೀನು ಮಗಳ ಮದುವೆಯ ಮಾತು ತೆಗೆದೆ. ಹಂದರಕ್ಕೆ ಹುಡುಗಿಯನ್ನು ಕರೆತರುವವನು ಸೋದರಮಾವ. ನೀನು ಅರಿಸಿನದ ಕೈಯನ್ನು ನನ್ನ ಭುಜದ ಮೇಲಿಟ್ಟು, "ಅಕಿಗೆ ಮಾವ ಅಂದ್ರ ನೀನ. ನೀನ ಕೈ ಹಿಡದು ಕರ್ಕೊಂಡ ಬರಬೇಕು. ಇಲ್ಲ ಅನ್ನಬ್ಯಾಡ" ಎಂದೆ. ನಾನು ಇಲ್ಲ ಅನ್ನಲಿಲ್ಲ. ಹೂಂ ಅನ್ನಲೂ ಬಾಯಿ ಬರಲಿಲ್ಲ. ಅವನ ದನಿಯನ್ನು ಕದ್ದೆ. ಇನ್ನು ಅವನ ಜಾಗದಲ್ಲೂ ನಿಲ್ಲಲೇ?

ಹಣಮಣ್ಣನ ನಂಬರು ಹುಡುಕಿ ಮೊನ್ನೆ ಫೋನು ಮಾಡಿದೆ. ಎಲ್ಲಿಯೋ ಲಾರಿ ನಿಲ್ಲಿಸಿಕೊಂಡಿದ್ದ. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಹೀಗೆ ಕೇಳಿದ:

"ನನ್ನ ದನಿ ಕೇಳಿ ಅಪ್ಪ ನಾವಿ ತಂದ್ನೇನು?"

"ತಂದಾ ಅಣ್ಣಾ."

"ತಡಾ ಮಾಡಿದ್ನೇನು?"

"ಇಲ್ಲ. ಉಣ್ಣಾಕ ಕುಂತಿದ್ದಾ. ಕೈ ತೊಳೀಲಾರದ ಬಂದಾ."

ಆಮೇಲೆ ಫೋನು ಕಟ್ಟಾಯಿತು. ಅವನಿಗೆ ಆ ಸುದ್ದಿ ಮುಟ್ಟಿತು ಎಂಬುದನ್ನು ನನ್ನ ಪುಣ್ಯದ ಲೆಕ್ಕಕ್ಕೆ ಹಾಕಬೇಡ, ಅಕ್ಕಾ. ಅದು ಅಜ್ಜ ಇರುವಾಗಲೇ ಮುಟ್ಟಬೇಕಿತ್ತು.

ಮದುವೆಗೆ ನಾನು ಬರುತ್ತೇನೆ— ನೀನು ಬರಗೊಟ್ಟರೆ— ಪಾತ್ರೆ ಹೊರುತ್ತೇನೆ, ಬಡಿಸುತ್ತೇನೆ. ಹುಡುಗಿಯ ಕೈ ಹಿಡಿಯುವುದಿಲ್ಲ. ಹಣಮಣ್ಣ ತಾನಾಗಿ ಬರುತ್ತೇನೆ ಅನ್ನಲಿಲ್ಲ. ನಾನೂ ಬಾ ಅನ್ನಲಿಲ್ಲ. ಅವನನ್ನು ಕರೆಯಬೇಕಾದವಳು ನೀನು. ಅವನ ನಂಬರನ್ನು ಬೇರೆ ಚೀಟಿಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ.