ಅರ್ಧ ನಿಮಿಷ ಅಲುಗಾಡದೆ ನಿಲ್ಲುವುದು

ಇದನ್ನು ಮೊದಲೇ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ: ಕ್ಯಾಮೆರಾದ ಕಣ್ಣನ್ನು ಅರ್ಧ ನಿಮಿಷ ತೆರೆದಿಟ್ಟರೆ ಓಡಾಡುವವರು ಫೋಟೊದಲ್ಲಿ ಮಾಯವಾಗುತ್ತಾರೆ, ಅಲುಗಾಡದವರಷ್ಟೇ ಉಳಿಯುತ್ತಾರೆ. ಮಾಗಡಿ ಹತ್ತಿರದ ಟೀ ಅಂಗಡಿಯೊಂದರಲ್ಲಿ ಜಾತಿಯ ಕಾರಣಕ್ಕೆ ಹೊರಗೇ ನಿಂತು ಟೀ ಕುಡಿಯುವ ಸಿದ್ದಯ್ಯನವರನ್ನು ಬಾಗಿಲಲ್ಲಿ ನಿಲ್ಲಿಸಿದೆ. ಫೋಟೊದಲ್ಲಿ ಅವರೊಬ್ಬರೇ ಉಳಿಯಬೇಕು, ಅದೇ ನನ್ನ ಕಲ್ಪನೆ.

"ಮೊಮ್ಮಗಳಿಗೆ ಈ ಪೋಟೊದ್ ಒಂದ್ ಕಾಪಿ ಕೊಡಿ ಸಾ," ಎಂದು ಅಂಗಿ ಸರಿಮಾಡಿಕೊಂಡರು.

ಮೂರು ಸಲ ತೆಗೆದೆ. ಬೆಂಚಿನ ಮೇಲೆ ಕೂತವರೆಲ್ಲ ಸ್ಪಷ್ಟವಾಗಿದ್ದರು. ಬಾಗಿಲಲ್ಲಿ ಮಾತ್ರ ಹೊಗೆಯಂಥ ಒಂದು ಆಕಾರ. ಅದರ ಎದೆಯೊಳಗಿಂದ ಅಂಗಡಿಯ ಒಲೆ ಕಾಣುತ್ತಿತ್ತು.

"ಅಲುಗಾಡಿದಿರಾ?"

"ದೊಡ್ಡೋರು ಒಳೀಕ್ ಬಂದ್ರಲ್ಲ ಸಾ, ಒಸಿ ಸರ್ಕೊಂಡೆ. ಕಾಲು ತಾನೇ ಹೋಯ್ತದೆ."

ಬೆಂಚಿನವನೊಬ್ಬ ನಕ್ಕ: "ಅವ್ನು ಕ್ಯಾಮೆರಾಕ್ಕೂ ಸಿಗಾಕಿಲ್ಲ ಬುಡಿ ಸಾ."

ನಾಲ್ಕನೆಯ ಸಲ ಯಾರೂ ಒಳಗೆ ಬರಲಿಲ್ಲ. ಆದರೂ ಅದೇ ಹೊಗೆ. ಆಮೇಲೆ ಹೊಳೆಯಿತು: ಕ್ಯಾಮೆರಾ ತೆರೆದಿದ್ದಾಗಲೇ, "ಅಲುಗಬೇಡಿ" ಎನ್ನಲು ನಾನು ಅವರ ಹತ್ತಿರ ಹೋಗಿದ್ದೆ. ನನಗೂ ದಾರಿ ಬಿಟ್ಟಿದ್ದರು.

ಮೊಮ್ಮಗಳಿಗೆ ಕಾಪಿ ಕಳಿಸಬೇಕು. ಇದರಲ್ಲಿ ಅಜ್ಜ ಯಾವುದು ಎಂದು ಅದರ ಹಿಂಬದಿಯಲ್ಲಿ ಬರೆಯಬೇಕಾಗುತ್ತದೆ.