ಮೈದಾನದ ಪಕ್ಕದ ಕುರ್ಚಿ

ನಮ್ಮ ಮನೆಯಲ್ಲಿ ಹಲವು ವರ್ಷ ಒಬ್ಬ ರಷ್ಯಾದವನಿದ್ದ. ಗೋಡೆಯ ಮೇಲೆ ಇದ್ದ ಅನ್ನಬೇಕು. ಸೋಲಾಪುರದ ನಮ್ಮ ಮಿಲ್ಲಿನ ಯೂನಿಯನ್ ಆಫೀಸಿಗೆ ಆ ದೇಶದ ಮಾಸಿಕವೊಂದು ಮರಾಠಿಯಲ್ಲಿ ಬರುತ್ತಿತ್ತು. ಬಾಂಗ್ಲಾ ಯುದ್ಧ ಮುಗಿದ ಹೊಸತು, ರಷ್ಯಾದವರೆಂದರೆ ನಮ್ಮ ಮಂದಿಗೆ ಬೀಗರಷ್ಟು ಹತ್ತಿರ. ಆದರೂ ಆ ಮಾಸಿಕವನ್ನು ಓದುವವರು ಕಡಿಮೆ. ಕಾಗದ ನುಣುಪಾಗಿದ್ದುದರಿಂದ ಮಕ್ಕಳ ಪುಸ್ತಕಕ್ಕೆ ಹೊದಿಕೆ ಹಾಕಲು ಒಯ್ಯುವವರೇ ಹೆಚ್ಚು. ನನ್ನ ಗಂಡ ಮಾತ್ರ ಒಂದು ಸಂಚಿಕೆಯನ್ನು ಓದಲೆಂದೇ ತಂದರು. ಅದರಲ್ಲಿ ಒಬ್ಬ ಫುಟ್‌ಬಾಲ್ ಆಟಗಾರನ ಜೀವನ ಕಥೆಯಿತ್ತು, ಜೊತೆಗೆ ಪುಟದ ತುಂಬ ಅವನ ಚಿತ್ರ.

ಅವನ ಹೆಸರು ನಮ್ಮ ಮನೆಯಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲ, ಹಾಗಾಗಿ ರಷ್ಯಾದವ ಎಂದೇ ಕರೆದೆವು. ಕಾರ್ಖಾನೆ ಕೆಲಸದವರ ಓಣಿಯಲ್ಲಿ ಬೆಳೆದು, ಕಾರ್ಖಾನೆಯ ತಂಡದಲ್ಲಿ ಆಡಿ, ಅಲ್ಲಿಂದ ದೊಡ್ಡ ತಂಡಕ್ಕೆ ಹೋದವನು. ಆಡುತ್ತಿದ್ದದ್ದು ಮೈದಾನದ ನಡುವೆ. ಹಿಂದಿನವರಿಂದ ಚೆಂಡು ತೆಗೆದುಕೊಂಡು ಮುಂದಿನವರಿಗೆ ಮುಟ್ಟಿಸುವುದು ಅವನ ಕೆಲಸ. ಪತ್ರಿಕೆಗಳಲ್ಲಿ ಗೋಲು ಹೊಡೆದವನ ಚಿತ್ರ ಬರುತ್ತದೆಯೇ ಹೊರತು ನಡುವಿನವನದು ಬರುವುದಿಲ್ಲ; ಇವನದು ಬಂದಿದೆ ಎಂದು ನನ್ನ ಗಂಡನಿಗೆ ಹಿಗ್ಗೋ ಹಿಗ್ಗು. ಯಾಕೆಂದರೆ ಅವರೂ ನಡುವಿನವರೇ. ಮಿಲ್ಲಿನ ಮಗ್ಗದ ಖಾತೆಯಲ್ಲಿ ನೌಕರಿ, ಮಿಲ್ಲಿನ ತಂಡದಲ್ಲಿ ಹಾಫ್‌ಬ್ಯಾಕ್.

ಚಿತ್ರವನ್ನು ದೇವರ ಫೋಟೊಗಳ ಸಾಲಿನ ಪಕ್ಕದಲ್ಲೇ ಅಂಟಿಸಿದರು. ಅತ್ತೆ ಕಂದಲಗಾಂವದ ಹೊಲಮನೆ ಬಿಟ್ಟು ನಮ್ಮ ಜೊತೆ ಇರಲು ಬಂದಿದ್ದರು, ಅವರ ಕಣ್ಣು ಮಂದ. ದಸರೆಯ ದಿನ ಸಾಲಿನಲ್ಲಿದ್ದ ಎಲ್ಲರ ಹಣೆಗೂ ಕುಂಕುಮ ಹಚ್ಚುತ್ತ ಹೋದವರು ರಷ್ಯಾದವನ ಹಣೆಗೂ ಹಚ್ಚಿದರು. ಹೇಳಿದ ಮೇಲೂ ಅಳಿಸಲಿಲ್ಲ. "ಇರಲಿ ಬಿಡು, ಅಂವಾನೂ ದುಡಿದು ತಿನ್ನಾಂವ ಇದ್ದಾನ," ಎಂದರು. ಆ ಕೆಂಪು ಬೊಟ್ಟು ಇಟ್ಟುಕೊಂಡೇ ಅವನು ನಮ್ಮ ಅಡುಗೆಮನೆಯ ಕಡೆ ನೋಡುತ್ತಿದ್ದ.

ನನಗೆ ಫುಟ್‌ಬಾಲ್ ಎಂದರೆ ತೊಳೆಯುವ ಕೆಲಸ. ನಮ್ಮೂರಲ್ಲಿ ಕುಸ್ತಿ ಎಂದರೆ ಮಂದಿ ಮುರಕೊಂಡು ಬೀಳುತ್ತಾರೆ. ಫುಟ್‌ಬಾಲ್ ನೋಡಲು ಬರುವವರು ಆಡುವವರ ಅಣ್ಣತಮ್ಮಂದಿರು ಮತ್ತು ದಾರಿ ತಪ್ಪಿದ ಎಮ್ಮೆಗಳು. ಹೆಂಗಸರು ಹೋಗುವ ಪದ್ಧತಿಯೇ ಇರಲಿಲ್ಲ. ಮಣ್ಣು ಮೆತ್ತಿದ ಚಡ್ಡಿ, ಕಾಲುಚೀಲ ಮನೆಗೆ ಬಂದಾಗ ಆಟ ಹೇಗಿತ್ತೆಂದು ನನಗೆ ತಿಳಿಯುತ್ತಿತ್ತು. ಹೊಲಿಗೆ ಬರುತ್ತಿದ್ದುದರಿಂದ ತಂಡದ ಅಂಗಿಗಳ ರಿಪೇರಿಯೂ ನನಗೇ ಬಂತು. ಅವರದು ಆರನೇ ನಂಬರಿನ ಅಂಗಿ. ಬೆನ್ನ ಮೇಲಿನ ಆ ಆರನ್ನು ನಾನೇ ಬಿಳಿ ಬಟ್ಟೆಯಲ್ಲಿ ಕತ್ತರಿಸಿ ಹೊಲಿದಿದ್ದೆ.

ಒಂದು ಸಂಜೆ ಪಾಳಿ ಬಿಡುವ ಮಿಲ್ಲಿನ ಭೋಂಗಾ ಕೂಗಿ ಬಹಳ ಹೊತ್ತಾದ ಮೇಲೆ ಅವರು ಇಬ್ಬರ ಹೆಗಲ ಮೇಲೆ ಕೈಹಾಕಿಕೊಂಡು ಬಂದರು. ಆಟದಲ್ಲಿ ಮೊಣಕಾಲು ಹೊರಳಿತ್ತು. ಮಿಲ್ಲಿನ ದವಾಖಾನೆಯ ಡಾಕ್ಟರು ಸುತ್ತುಬಳಸಿ ಮಾತಾಡುವವರಲ್ಲ. ಈ ಸಲ ವಾಸಿಯಾಗುತ್ತದೆ, ಇನ್ನೊಂದು ಪೆಟ್ಟು ಬಿದ್ದರೆ ಮಗ್ಗದ ಮುಂದೆ ನಿಲ್ಲುವ ಆಸೆ ಬಿಡಬೇಕು ಎಂದರು. ಮಗ್ಗದ ಕೆಲಸವೆಂದರೆ ಪಾಳಿ ಮುಗಿಯುವವರೆಗೂ ನಿಂತೇ ಇರುವುದು. ಬೇರೆ ಕೆಲಸ ಅವರಿಗೆ ಬರುತ್ತಿರಲಿಲ್ಲ, ಬೇರೆ ದುಡಿಮೆ ನಮ್ಮ ಮನೆಗೆ ಇರಲಿಲ್ಲ.

ಅವರು ಎದ್ದು ಓಡಾಡುವಂತಾದಾಗ ನಾನು ಹೇಳಬೇಕಾದ್ದನ್ನು ಹೇಳಿದೆ. "ಮೈದಾನದಾಗ ಬಿದ್ರ ನಾಕ ಮಂದಿ ಹೊತ್ಕೊಂಡು ಬರ್ತಾರ. ಮಿಲ್ಲಿನಾಗ ಬಿದ್ರ ಯಾರ ಹೊರ್ತಾರ ನಿಮ್ಮನ್ನ? ಇನ್ನ ಆಡಬ್ಯಾಡ್ರಿ."

ಅದೇ ಹೊತ್ತಿಗೆ ತಂಡದ ಹಳೆಯ ಮ್ಯಾನೇಜರು ಊರು ಬಿಟ್ಟರು, ಮಿಲ್ಲಿನವರು ಇವರನ್ನು ಆ ಜಾಗಕ್ಕೆ ನೇಮಿಸಿದರು. ನಾನು ದೇವರಿಗೆ ದೀಪ ಹಚ್ಚಿದೆ. ಆದರೆ ಇವರು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, "ಮ್ಯಾನೇಜರ್ ಆದಂವಾ ಆಡಬಾರದು ಅಂತ ಎಲ್ಲೂ ರೂಲ್ ಇಲ್ಲ," ಎಂದರು. ತಂಡ ಆರಿಸುವವರು ಅವರೇ. ತಮ್ಮ ಹೆಸರನ್ನು ತಾವೇ ಸೇರಿಸಿಕೊಂಡರೆ ಕೇಳುವವರು ಯಾರು?

"ನಿಮ್ಮ ರಷ್ಯಾದಂವ ಏನ ಮಾಡಿದ್ನರಿ?" ಎಂದು ಗೋಡೆಯ ಕಡೆ ಕೈ ಮಾಡಿದೆ. ರಷ್ಯಾದವನೂ ಮೊಣಕಾಲು ಕೆಟ್ಟ ಮೇಲೆ ಅದೇ ತಂಡದ ಮ್ಯಾನೇಜರ್ ಆಗಿದ್ದ ಎಂಬುದು ನನಗೆ ಬಾಯಿಪಾಠವಾಗಿತ್ತು. ಅವರು ಮಾಸಿಕವನ್ನು ತೆಗೆದು ಮತ್ತೆ ಓದಿದರು. ಆಟ ಬಿಟ್ಟು ತಂಡದ ಹೊಣೆ ಹೊತ್ತ ಎಂದು ಅಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದರು. ಮುಂದಿನ ಸಾಲಿನಲ್ಲಿ ತಂಡ ಗೆಲ್ಲತೊಡಗಿತ್ತು. ಬಿಡುವಾಗ ಅವನಿಗೆ ಏನನ್ನಿಸಿತು, ಮೊದಲ ಸಲ ಹೊರಗೆ ಕೂತಾಗ ಕೈಗಳನ್ನು ಎಲ್ಲಿಟ್ಟುಕೊಂಡ, ಅವನ ಹೆಂಡತಿ ಏನೆಂದಳು, ಒಂದೂ ಇಲ್ಲ. ಬರೆದವರಿಗೆ ಅದು ಬೇಕಾಗಿರಲಿಲ್ಲ. ನಮಗೆ ಬೇಕಾಗಿದ್ದದ್ದು ಅದೊಂದೇ.

ಕೆಲವು ದಿನ ಕಳೆದ ಮೇಲೆ ಅವರು ಆರನೇ ನಂಬರಿನ ಅಂಗಿಯನ್ನು ನನ್ನ ಹೊಲಿಗೆ ಮಷಿನ್ ಮೇಲೆ ತಂದಿಟ್ಟರು. "ಎರಡೂ ಬಾಜು ಸ್ವಲ್ಪ ಹಿಡದು ಹೊಲಿ. ಅಂವಾ ತೆಳ್ಳಗ ಇದ್ದಾನ."

ಅವನೆಂದರೆ ಮರವಡೆಯ ಕಡೆಯಿಂದ ಬಂದು ಹೊಸದಾಗಿ ಮಗ್ಗಕ್ಕೆ ಸೇರಿದ್ದ ನೇಕಾರ, ಚುರುಕಾದ ಮನುಷ್ಯ. ನಾನು ಹೊಲಿಗೆ ಬಿಚ್ಚಿದೆ. ಸಮಾಧಾನವಾಯಿತು, ಜೊತೆಗೆ ಬೇಸರವೂ ಆಯಿತು. ಎರಡನ್ನೂ ಅವರಿಗೆ ತೋರಿಸಲಿಲ್ಲ.

ಮ್ಯಾನೇಜರಾಗಿ ಅವರ ಮೊದಲ ದೊಡ್ಡ ಆಟ ಬಿದ್ದದ್ದು ಅಕ್ಕಲಕೋಟೆಯಲ್ಲಿ, ಅಂದರೆ ನನ್ನ ತವರಿನಲ್ಲಿ. ಅಲ್ಲಿ ಸಂಸ್ಥಾನದ ಕಾಲದಿಂದ ಆಟದ ಹುಚ್ಚು ಸ್ವಲ್ಪ ಉಳಿದಿತ್ತು. ಪೇಟೆಯಲ್ಲಿ ಕಾಳಿನ ಅಂಗಡಿ ಇಟ್ಟಿದ್ದ ನನ್ನ ಅಪ್ಪ ಅಳಿಯನ ಆಟವನ್ನು ಒಮ್ಮೆಯೂ ನೋಡಿರಲಿಲ್ಲ. ಈಗ ಅಳಿಯನೇ ಊರಿಗೆ ಆಡಲು ಬರುತ್ತಿದ್ದಾನೆಂದು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿ, ಮೈದಾನಕ್ಕೆ ಅಂಟಿದಂತಿದ್ದ ನೆಂಟರ ಮನೆಯ ಮಾಳಿಗೆಯ ಮೇಲೆ ಜಮಖಾನೆ ಹಾಸಿಸಿದ್ದರು. ಅಳಿಯ ಇನ್ನು ಆಡುವುದಿಲ್ಲ ಎಂದು ಅವರಿಗೆ ಹೇಳುವುದು ಯಾರ ಕೆಲಸವೆಂದು ನಾವಿಬ್ಬರೂ ಗೊತ್ತುಮಾಡಿಕೊಂಡಿರಲಿಲ್ಲ. ಹಾಗಾಗಿ ಯಾರೂ ಹೇಳಲಿಲ್ಲ.

ಸರಕಾರಿ ಬಸ್ಸಿನಲ್ಲಿ ತಂಡದ ಜೊತೆ ನಾನೂ ಹೋದೆ. ಅವರ ಕೈಚೀಲವನ್ನು ನನ್ನ ಕಾಲ ಹತ್ತಿರ ಇಟ್ಟಿದ್ದರು. ಅರ್ಧ ಆಟಕ್ಕೆ ಆಟಗಾರರಿಗೆ ಕೊಡುವ ನಿಂಬೆಹಣ್ಣು ಮಾತ್ರ ಇದ್ದ ಚೀಲ ಅಷ್ಟು ಭಾರವಿರುವುದಿಲ್ಲ. ಬಗ್ಗಿ ಮುಟ್ಟಿ ನೋಡಿದೆ, ಒಳಗೆ ಬೂಟುಗಳಿದ್ದವು. ನನಗೆ ಸಿಟ್ಟು ನೆತ್ತಿಗೇರಿತು, ಆದರೆ ತಂಡದವರೆಲ್ಲ ಸುತ್ತಲೂ ಇದ್ದರು. ಊರು ಬರುವವರೆಗೆ ಕಿಟಕಿಯ ಹೊರಗೆ ಜೋಳದ ಹೊಲ ನೋಡಿದೆ.

ಮಾಳಿಗೆಯ ಮೇಲೆ ಅಪ್ಪ, ಅವ್ವ, ನೆಂಟರ ಹೆಂಗಸರು, ಅಂಗಡಿಯ ನಾಲ್ಕೈದು ಜನ ಗಿರಾಕಿಗಳು. ತಂಡ ಮೈದಾನಕ್ಕೆ ಇಳಿಯಿತು. ಆರನೇ ನಂಬರಿನ ಅಂಗಿ ಬೇರೆಯವನ ಮೈಮೇಲಿತ್ತು. ನನ್ನ ಗಂಡ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ನಮ್ಮ ಗೋಡೆಯ ನೆರಳಿನಲ್ಲಿ, ಸರಿಯಾಗಿ ನಮ್ಮ ಕೆಳಗೇ, ಒಂದು ಕುರ್ಚಿಯಲ್ಲಿ ಕೂತರು. ಮೇಲಿನಿಂದ ಅವರ ನೆತ್ತಿ ಕಾಣುತ್ತಿತ್ತು. ಅಲ್ಲಿ ಕೂದಲು ತೆಳುವಾಗುತ್ತಿರುವುದನ್ನು ನಾನು ಅಂದೇ ನೋಡಿದ್ದು.

"ಅಳಿಯಂದ್ರು ಆಡಂಗಿಲ್ಲೇನ?" ಅಪ್ಪ ನನ್ನನ್ನು ಕೇಳಿದರು.

"ಮ್ಯಾನೇಜರ್ ಆಗ್ಯಾರಪ್ಪ. ಮೊಣಕಾಲ ಬ್ಯಾರೆ ಸರಿ ಇಲ್ಲ."

ಅಪ್ಪ ಗಿರಾಕಿಗಳ ಮುಖ ನೋಡಿದರು. ಒಬ್ಬ ಮರಾಠಿಯಲ್ಲಿ, ಅಳಿಯರು ನಿಂಬೆಹಣ್ಣಿನ ಖಾತೆಯಲ್ಲಿದ್ದಾರೆ ಎಂದ. ಎಲ್ಲರೂ ನಕ್ಕರು, ಅಪ್ಪನೂ ನಗಬೇಕಾಯಿತು. ಮರವಡೆಯವನು ಅವತ್ತು ಹೆದರಿದ್ದ. ಚೆಂಡು ಬಂದ ಕೂಡಲೇ ಯಾರ ಕಡೆಗಾದರೂ ಒದ್ದು ಕೈತೊಳೆದುಕೊಳ್ಳುತ್ತಿದ್ದ. ಹಾಗೆ ಕೊಟ್ಟ ಚೆಂಡೊಂದು ಎದುರಿನವರಿಗೆ ಸಿಕ್ಕು ಗೋಲಾಯಿತು. ಮೈದಾನದ ಸುತ್ತ ನಿಂತವರು ಅವನನ್ನು ತೆಗೆಯಿರಿ ಎಂದು ಕೂಗತೊಡಗಿದರು.

ಅರ್ಧ ಆಟ ಮುಗಿದಾಗ ಒಬ್ಬರನ್ನು ಬದಲಾಯಿಸಲು ಅವಕಾಶವಿತ್ತು. ಅಪ್ಪ ಮಾಳಿಗೆಯ ಅಂಚಿನ ಕಟ್ಟೆಯ ಮೇಲೆ ಬಗ್ಗಿ, "ಅಳಿಯಂದ್ರ, ನೀವ ಇಳೀರಿ! ಊರ ಮಂದಿ ನೋಡಾಕತ್ತಾರ!" ಎಂದರು. ನನ್ನ ಗಂಡ ತಲೆ ಎತ್ತಲಿಲ್ಲ. ಚೀಲದಿಂದ ಬೂಟುಗಳನ್ನು ತೆಗೆದು ಕುರ್ಚಿಯ ಪಕ್ಕದಲ್ಲಿಟ್ಟರು. ಚಪ್ಪಲಿ ಬಿಟ್ಟು ಒಂದು ಬೂಟಿನಲ್ಲಿ ಕಾಲು ತೂರಿಸಿದರು. ಮಾಳಿಗೆಯ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಆಗ ನಾನು ಏನು ಮಾಡಬೇಕಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತು. ಬ್ಯಾಡ್ರಿ ಎನ್ನಬೇಕಿತ್ತು. ಆದರೆ ಅವರ ನೆತ್ತಿಯನ್ನು ನೋಡುತ್ತ, ಆ ಗಿರಾಕಿಯ ನಗು ಕೇಳುತ್ತ, ಈ ಮನುಷ್ಯ ಏನೆಂದು ಇವರೆಲ್ಲ ಒಂದು ಸಲ ನೋಡಲಿ ಎನ್ನಿಸಿತು. ನಾನೂ ಎಂದೂ ನೋಡಿರಲಿಲ್ಲ. ಸೆರಗು ಜಾರಿದ್ದೂ ತಿಳಿಯಲಿಲ್ಲ, ಕಟ್ಟೆ ಹಿಡಿದುಕೊಂಡು ಕೂಗಿದೆ: "ಹೋಗ್ರಿ! ಹೋಗ್ರಿ!"

ಅವರು ಸ್ವಲ್ಪ ಹೊತ್ತು ಹಾಗೆಯೇ ಬಗ್ಗಿ ಕೂತಿದ್ದರು. ಆಮೇಲೆ ಕಾಲನ್ನು ಹೊರಗೆ ತೆಗೆದು ಎರಡೂ ಬೂಟುಗಳನ್ನು ಚೀಲಕ್ಕೆ ಹಾಕಿದರು. ಮರವಡೆಯವನನ್ನು ಹತ್ತಿರ ಕರೆದು ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದರು, ಮೈದಾನದ ನಡುವೆ ಒಂದು ಜಾಗ ತೋರಿಸಿದರು. ಅವನು ನಿಂಬೆಹಣ್ಣು ಚೀಪುತ್ತ ತಲೆಯಾಡಿಸಿದ. ಉಳಿದ ಅರ್ಧ ಆಟವನ್ನು ಅವನು ಸಮಾಧಾನದಿಂದ ಆಡಿದ, ಆದರೆ ಹೋದ ಗೋಲು ತಿರುಗಿ ಬರಲಿಲ್ಲ. ನಾವು ಸೋತೆವು.

ಸಂಜೆ ತವರುಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತರು. ಅವ್ವ ಅಳಿಯನ ತಾಟಿಗೆ ಶೇಂಗಾ ಹೋಳಿಗೆ, ತುಪ್ಪ ಬಡಿಸಿದಳು. ಕೊನೆಗೆ ಅಪ್ಪನಿಗೆ ತಡೆಯಲಾಗಲಿಲ್ಲ. "ಮತ್ತ ಯಾವಾಗ ಆಡ್ತೀರಿ?"

"ಮುಗೀತ್ರಿ ಮಾವಾರ," ಎಂದರು ನನ್ನ ಗಂಡ. ಆ ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಅಪ್ಪ ತಲೆ ತಗ್ಗಿಸಿ ಅನ್ನ ಕಲಸಿದರು.

ಅವ್ವ ಮಾತು ತೇಲಿಸಲೆಂದು ನಕ್ಕಳು. "ನಿಮ್ಮ ಹೆಂಡತೀನ ನೀವು ನೋಡಬೇಕಿತ್ತು. ಮಾಳಿಗಿ ಮ್ಯಾಲಿಂದ ಹೋಗ್ರಿ ಹೋಗ್ರಿ ಅಂತ ಹೆಂಗ ಒದರಿದ್ಲು!"

"ಕೇಳಿತ್ರಿ," ಎಂದರು ಅವರು.

ಎಲ್ಲರೂ ಎದ್ದ ಮೇಲೆ ಹಿತ್ತಲಲ್ಲಿ ಅವರ ಕೈಗೆ ನೀರು ಹಾಕುತ್ತ ಕೇಳಿಯೇಬಿಟ್ಟೆ. "ಕೇಳಿತ್ತಂದ್ರ ಯಾಕ ಹೋಗಲಿಲ್ಲರಿ?"

ಅವರು ಬಾಯಿ ಮುಕ್ಕಳಿಸಿ, ನನ್ನ ಸೆರಗಿನಿಂದಲೇ ಕೈ ಒರೆಸಿಕೊಂಡರು. "ಆಡಬ್ಯಾಡ್ರಿ ಅಂದದ್ದು ನೀನು," ಎಂದರು. "ಹೋಗ್ರಿ ಅಂದದ್ದು ಪಬ್ಲಿಕ್. ಪಬ್ಲಿಕ್ ಮಾತು ಕೇಳಿದ್ರ ಮ್ಯಾನೇಜರ್ ಹೆಂಗ ಆಗಬೇಕು?"

ಹಾಗೆಂದು ಸ್ವಲ್ಪ ಕುಂಟುತ್ತ ಒಳಗೆ ಹೋದರು. ಮುಂದೆ ಬಹಳ ವರ್ಷ ಅವರು ಮ್ಯಾನೇಜರಾಗಿದ್ದರು, ಗೆದ್ದದ್ದೂ ಉಂಟು. ಆ ಸಂಜೆ ನಾನು ಚೊಂಬು ಹಿಡಿದು ಹಿತ್ತಲಲ್ಲೇ ನಿಂತು ಅತ್ತುಬಿಟ್ಟೆ. ಅವರು ಆಡಿದ್ದನ್ನು ನಾನು ಕೊನೆಗೂ ನೋಡಲಿಲ್ಲ.